ಕಡಲಿನ ಭೂತವೂ ನಾವಿಕನ ಸಾಕ್ಷ್ಯವೂ

ದೂರದೇಶ ತಿರುಗಿ ಬಂದವನ ಮಾತನ್ನು ಊರಿನಲ್ಲಿಯೇ ಉಳಿದವರು ಅರ್ಧ ಕಳೆದು ನಂಬುವುದು ಲೋಕರೂಢಿ. ಬಂದವನು ನಾವಿಕನಾದರಂತೂ ಮುಕ್ಕಾಲು ಪಾಲನ್ನು ಕಳೆಯುವವರೇ ಹೆಚ್ಚು. ನೆಲದ ಮೇಲೆ ನಡೆದ ಸಂಗತಿಗೆ ಮರವೋ ಕಲ್ಲೋ ಸಾಕ್ಷಿಯಾಗಿ ನಿಂತಿರುತ್ತದೆ. ನೀರಿನ ಮೇಲೆ ನಡೆದುದಕ್ಕೆ ಮರುಗಳಿಗೆಯಲ್ಲಿ ಗುರುತೂ ಉಳಿಯದು. ಬದುಕಿ ಬಂದವನ ಬಾಯಿಮಾತೊಂದೇ ಆಧಾರ. ಬಾರದೆ ಹೋದವನಿಗೆ ಅದೂ ಇಲ್ಲ. ಆದುದರಿಂದ ಸಮುದ್ರದ ವಾರ್ತೆಗಳಲ್ಲಿ ಕಂಡುದಾವುದು, ಕಟ್ಟಿದುದಾವುದು ಎಂದು ತೀರ್ಪು ಹೇಳುವ ಕಾರ್ಯವು ಬಹುಕಾಲ ದಡದಲ್ಲಿ ಕುಳಿತವರ ಪಾಲಿಗೇ ಬಂದಿತು.

ನಾರ್ವೆ ದೇಶದ ಬೆಸ್ತರಲ್ಲಿ ಕ್ರಾಕೆನ್ ಎಂಬ ಕಡಲಭೂತದ ಕಥೆಯಿತ್ತು. ಬರ್ಗೆನ್ ಪಟ್ಟಣದ ಬಿಷಪ್ ಎರಿಕ್ ಪೊಂಟೊಪ್ಪಿಡಾನನು 1752–53ರಲ್ಲಿ ಪ್ರಕಟಿಸಿದ ತನ್ನ ದೇಶದ ನಿಸರ್ಗಚರಿತ್ರೆಯಲ್ಲಿ ಇದನ್ನು ಗಂಭೀರವಾಗಿಯೇ ವರ್ಣಿಸಿದನು. ಆ ಪ್ರಾಣಿಯ ಬೆನ್ನು ನೀರಿನ ಮೇಲೆದ್ದಾಗ ದ್ವೀಪಗಳ ಗುಂಪಿನಂತೆ ತೋರುವುದಂತೆ. ಅದರ ಸುತ್ತಳತೆ ಒಂದೂವರೆ ಮೈಲಿಯಂತೆ. ಅದು ಮೇಲಿದ್ದಾಗಿನ ಅಪಾಯಕ್ಕಿಂತ ಮುಳುಗುವಾಗ ಎಬ್ಬಿಸುವ ಸುಳಿಯ ಅಪಾಯವೇ ದೊಡ್ಡದೆಂದು ಬೆಸ್ತರು ಹೇಳುತ್ತಿದ್ದರು. ಪಂಡಿತರು ಇದನ್ನು ಓದಿ ನಕ್ಕರು.

ನಕ್ಕುದರಲ್ಲಿ ಅರ್ಧ ನ್ಯಾಯವಿತ್ತು. ದ್ವೀಪದಂಥ ಪ್ರಾಣಿ ಎಲ್ಲಿಯೂ ಇಲ್ಲ. ಆದರೆ 1857ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸ್ಟೀನ್‌ಸ್ಟ್ರುಪ್ ಎಂಬಾತನು ದಡಕ್ಕೆ ಬಿದ್ದ ಅವಶೇಷಗಳನ್ನು ಪರೀಕ್ಷಿಸಿ, ನಮ್ಮ ಕರಾವಳಿಯವರು ಬೊಂಡಾಸವೆನ್ನುವ ಜೀವಿಯ ದೈತ್ಯಜಾತಿಯೊಂದಕ್ಕೆ ಆರ್ಕಿಟ್ಯೂಥಿಸ್ ಎಂದು ಹೆಸರಿಟ್ಟನು. 1861ರಲ್ಲಿ ಕೆನರಿ ದ್ವೀಪಗಳ ಬಳಿ ಅಲೆಕ್ಟನ್ ಎಂಬ ಫ್ರೆಂಚ್ ಹಡಗಿನವರು ಇಂಥದೊಂದಕ್ಕೆ ಹಗ್ಗ ಬಿಗಿದು ಎಳೆದರು. ದೇಹ ಕತ್ತರಿಸಿ ಬಾಲದ ತುಂಡು ಮಾತ್ರ ಕೈಗೆ ಬಂದಿತು. ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಆಗಲೂ ಸಂಶಯ ಹೋಗಲಿಲ್ಲ. ಕೊನೆಗೆ 2004ರಲ್ಲಿ ಜಪಾನಿನ ಕುಬೊದೆರಾ ಮತ್ತು ಮೋರಿ ಎಂಬ ವಿಜ್ಞಾನಿಗಳು, ಒಗಾಸಾವಾರಾ ದ್ವೀಪಗಳ ಬಳಿ ಸುಮಾರು 900 ಮೀಟರು ಆಳದಲ್ಲಿ, ಜೀವಂತ ಪ್ರಾಣಿಯ ಛಾಯಾಚಿತ್ರವನ್ನು ಅದರ ನೆಲೆಯಲ್ಲಿಯೇ ಮೊದಲ ಬಾರಿಗೆ ತೆಗೆದರು.

ಇಷ್ಟು ಶತಮಾನ ಹೆದರಿಸಿದ ಭೂತದ ನಿಜರೂಪವಾದರೂ ಏನು? ಉದ್ದ ಸುಮಾರು ಹನ್ನೆರಡು ಮೀಟರು. ಕಣ್ಣು ಊಟದ ತಟ್ಟೆಯಷ್ಟು ಅಗಲ. ಬೆಳಕು ತಲುಪದ ಆಳದಲ್ಲಿ ವಾಸ. ಅದು ಹಡಗನ್ನು ಮುಳುಗಿಸಿತೆನ್ನಲು ನಂಬತಕ್ಕ ಪ್ರಮಾಣವಿಲ್ಲ. ಬದಲಾಗಿ ಸ್ಪರ್ಮ್ ಜಾತಿಯ ತಿಮಿಂಗಿಲಕ್ಕೆ ಅದೇ ಆಹಾರ. ಆ ತಿಮಿಂಗಿಲಗಳ ಚರ್ಮದ ಮೇಲೆ ಕಾಣುವ ವೃತ್ತಾಕಾರದ ಗಾಯಗಳು, ನುಂಗಿಸಿಕೊಳ್ಳುವಾಗ ಆ ಬಡಜೀವಿ ನಡೆಸಿದ ಹೋರಾಟದ ಗುರುತುಗಳು. ಬೆಸ್ತರು ಹೇಳಿದ ಸುಳಿಯಾದರೋ ಸುಳ್ಳಲ್ಲ. ನಾರ್ವೆಯ ಲೋಫೋಟೆನ್ ದ್ವೀಪಗಳ ನಡುವೆ ಭರತ ಇಳಿತಗಳ ಸೆಳೆತದಿಂದ ಏಳುವ ಮೋಸ್ಕ್‌ಸ್ಟ್ರೌಮೆನ್ ಎಂಬ ಸುಳಿ ಇಂದಿಗೂ ಇದೆ. ಅಪಾಯ ನಿಜ, ಅದಕ್ಕೆ ಹಚ್ಚಿದ ಮುಖ ಮಾತ್ರ ಬೇರೆ.

ಹಾಗಾದರೆ ನಡುಗಡಲಿನಲ್ಲಿ ಸುಳಿವಿಲ್ಲದೆ ಮಾಯವಾದ ಹಡಗುಗಳನ್ನು ನುಂಗಿದವರಾರು? ಇದಕ್ಕೂ ನಾವಿಕರು ಉತ್ತರ ಹೇಳಿದ್ದರು. ಒಮ್ಮೆಗೇ ಗೋಡೆಯಂತೆ ಎದ್ದು ಬರುವ ಒಂಟಿ ಅಲೆ ಎಂಬುದೇ ಆ ಉತ್ತರ. ಫ್ರೆಂಚ್ ನೌಕಾಧಿಕಾರಿ ಡ್ಯೂಮೋಂ ಡ್ಯುರ್ವಿಲನು 1826ರಲ್ಲಿ ಹಿಂದೂ ಮಹಾಸಾಗರದಲ್ಲಿ ನೂರಡಿಯೆತ್ತರದ ಅಲೆಗಳನ್ನು ಕಂಡುದಾಗಿ ವರದಿಮಾಡಿದನು. ಜೊತೆಯವರು ಮೂವರು ಸಾಕ್ಷಿ ನುಡಿದರು. ಮೂವತ್ತು ಅಡಿಗೆ ಮೀರಿದ ಅಲೆಯಿಲ್ಲವೆಂಬುದು ಆಗಿನ ಪ್ರಬಲ ನಂಬಿಕೆ. ಮಹಾವಿಜ್ಞಾನಿ ಆರಗೋ ಆತನನ್ನು ಬಹಿರಂಗವಾಗಿ ಪರಿಹಾಸಮಾಡಿದನು.

1978ರ ಡಿಸೆಂಬರಿನಲ್ಲಿ ಮ್ಯೂಂಚೆನ್ ಎಂಬ ಜರ್ಮನ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಕಾಣೆಯಾಯಿತು. ಅದರ ಉದ್ದ 261 ಮೀಟರು. ಹೋದವರಲ್ಲಿ ಒಬ್ಬರೂ ಮರಳಲಿಲ್ಲ. ನೀರಿನಿಂದ ಇಪ್ಪತ್ತು ಮೀಟರು ಎತ್ತರದಲ್ಲಿ ತೂಗುಹಾಕಿದ್ದ ರಕ್ಷಣಾದೋಣಿಯೊಂದು ಸಿಕ್ಕಿತು. ಅದನ್ನು ಹಿಡಿದಿದ್ದ ಕಬ್ಬಿಣದ ಗೂಟಗಳು ಮುಂದಿನಿಂದ ಹಿಂದಕ್ಕೆ ಬಗ್ಗಿದ್ದವು. ಆ ಎತ್ತರಕ್ಕೆ ಏರಿ ಬಡಿದುದಾವುದೆಂದು ಕೇಳಿದರೆ ಉತ್ತರ ಒಂದೇ. ಆದರೂ ಲೆಕ್ಕಪುಸ್ತಕಗಳು ಒಪ್ಪಲಿಲ್ಲ. 1995ನೆಯ ಜನವರಿ 1ರಂದು, ಉತ್ತರ ಸಮುದ್ರದ ಡ್ರೌಪ್ನರ್ ಎಂಬ ಅನಿಲವೇದಿಕೆಯ ಲೇಸರ್ ಮಾಪಕವು, ಸುಮಾರು 12 ಮೀಟರಿನ ಅಲೆಗಳ ನಡುವೆ 25.6 ಮೀಟರಿನ ಅಲೆಯೊಂದನ್ನು ಅಳೆದು ದಾಖಲೆಮಾಡಿತು. ಬೇರೆಬೇರೆ ವೇಗದ ಅಲೆಗಳು ಒಂದೆಡೆ ಕೂಡಿದಾಗ ಇಂಥವು ಏಳಬಲ್ಲವು. ಪ್ರವಾಹಕ್ಕೆ ಇದಿರಾಗಿ ಬಂದಾಗಲೂ ಅಲೆಗಳು ಒತ್ತರಿಸಿಕೊಂಡು ಕಡಿದಾಗುತ್ತವೆ. ದಕ್ಷಿಣ ಆಫ್ರಿಕದ ಅಗುಲ್ಹಾಸ್ ಪ್ರವಾಹವು ಇದಕ್ಕೆ ಕುಖ್ಯಾತವಾಗಿದೆ.

ಡ್ಯುರ್ವಿಲನು ಈ ಸುದ್ದಿ ಕೇಳಲು ಉಳಿದಿರಲಿಲ್ಲ. ದಕ್ಷಿಣಧ್ರುವದ ಮಂಜಿನವರೆಗೆ ಹೋಗಿ ಬದುಕಿ ಬಂದ ಆತನು 1842ರಲ್ಲಿ ವರ್ಸೇಲ್ಸಿನ ಬಳಿ ರೈಲಿನ ಅಪಘಾತದಲ್ಲಿ ಹೆಂಡತಿ ಮಗನೊಡನೆ ಮಡಿದನು. ಆತನ ಮಾತಿಗೆ ಬೆಂಬಲ ದೊರೆತುದು ಅಲ್ಲಿಂದ 153 ವರ್ಷಗಳ ಮೇಲೆ. ಆರಗೋ ಸಂಶಯಪಟ್ಟುದು ತಪ್ಪಲ್ಲ. ಸಂಶಯವಿಲ್ಲದಿದ್ದರೆ ಒಂದೂವರೆ ಮೈಲಿಯ ಪ್ರಾಣಿಯನ್ನೂ ನಂಬಬೇಕಾಗುತ್ತಿತ್ತು. ಆದರೆ ಸಂಶಯಪಟ್ಟವನು ಇನ್ನೊಂದು ಪ್ರಶ್ನೆ ಕೇಳುತ್ತಾನೆ. ನಕ್ಕವನು ಅಲ್ಲಿಗೇ ಮುಗಿಸುತ್ತಾನೆ. ಆ ನಗೆ ಕೇಳಿದ ಮೇಲೆ ಎಷ್ಟು ಮಂದಿ ನಾವಿಕರು ತಾವು ಕಂಡುದನ್ನು ನುಂಗಿಕೊಂಡು ಸುಮ್ಮನಿದ್ದರೋ, ಅವರ ಸುಮ್ಮನಿರುವಿಕೆಯಿಂದ ಎಷ್ಟು ಹಡಗುಗಳು ಎಚ್ಚರಿಕೆಯಿಲ್ಲದೆ ಹೊರಟವೋ, ಬಲ್ಲವರಾರು?