ಕುದುರೆ ಕೂತ ಮನೆ

ಚೆಸ್ ಬೋರ್ಡಿನ ಮೇಲೆ ಹಿಂದಕ್ಕೆ ಬರಲಾರದವನು ಕಾಲಾಳು ಒಬ್ಬನೇ. ರಾಜ ಹೆದರಿ ಒಂದು ಮನೆ ಹಿಂದೆ ಸರಿಯಬಹುದು, ಆನೆ ಸರ್ರನೆ ಮೂಲೆಗೆ ವಾಪಸಾಗಬಹುದು. ಕಾಲಾಳು ಇಟ್ಟ ಹೆಜ್ಜೆ ಇಟ್ಟದ್ದೇ. ಅವನು ದಾಟಿಹೋದ ಮೇಲೆ ಅಕ್ಕಪಕ್ಕದ ಮನೆಗಳಿಗೆ ದಿಕ್ಕುದೆಸೆ ಇರುವುದಿಲ್ಲ. ಅಂಥ ಮನೆಯಲ್ಲಿ ಎದುರಾಳಿಯ ಕುದುರೆ ಬಂದು ಕೂತು, ಅದರ ಕಾಲಾಳೊಬ್ಬ ಹಿಂದಿನಿಂದ ಕಾವಲು ನಿಂತನೆಂದರೆ ಅದೇ ಔಟ್‌ಪೋಸ್ಟ್. ರಿಗಾದ ನಿಮ್ಜೊವಿಚ್ 1925ರ ಸುಮಾರಿಗೆ ಇದನ್ನೊಂದು ಶಾಸ್ತ್ರವನ್ನಾಗಿಯೇ ಮಾಡಿಟ್ಟರು. ಅದಕ್ಕೂ ಮೊದಲು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕೂತು, ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಸುತ್ತಿಸುವ ಒಗಟುಗಳನ್ನು ಹೆಣೆದಿದ್ದರು. ಒಡೆಯರ ಕುದುರೆಗೆ ಪುರುಸೊತ್ತಿಲ್ಲ. ನಿಮ್ಜೊವಿಚ್ ಕುದುರೆಗೆ ಕೂರುವುದೇ ಕೆಲಸ.

ಬೆಂಗಳೂರಿನ ಬಿಟಿಎಂ ಎರಡನೇ ಹಂತದ ರಾಯರು ನಿಮ್ಜೊವಿಚ್ ಪಂಥದವರು. ಅವರ ಬಿಳಿ ಕುದುರೆಗಳಲ್ಲೊಂದಕ್ಕೆ ಕಿವಿ ಮುರಿದು, ಎಂ-ಸೀಲ್‌ನಿಂದ ಹೊಸದು ಮಾಡಿ ಅಂಟಿಸಿದ್ದಾರೆ. ಆ ಕಿವಿ ಸ್ವಲ್ಪ ಕತ್ತೆಯ ಕಡೆಗೆ ವಾಲಿದೆ. ಅದು ಇ5 ಮನೆಯಲ್ಲಿ ಕೂತಿತೆಂದರೆ ರಾಯರು ತೋರುಬೆರಳಿನಿಂದ ಅದರ ಮುಖವನ್ನು ನನ್ನ ರಾಜನ ಕಡೆ ತಿರುಗಿಸಿ, “ಎಲ್ಲಿ, ಇದನ್ನ ಎಬ್ಬಿಸಿ ನೋಡೋಣ” ಎಂದು ಹಿಂದಕ್ಕೆ ಒರಗುತ್ತಾರೆ. ಆಮೇಲೆ ಕಾಫಿ. ಒಳಗೆ ಕೂಗಿ ಹೇಳಿದರೆ ಎರಡು ಲೋಟ ಬರುತ್ತಿದ್ದ ಕಾಲವೂ ಇತ್ತು. ಈಗ ತಾವೇ ಎದ್ದು ಹೋಗಿ ಬೆರೆಸಿ ತರುತ್ತಾರೆ, ಸಕ್ಕರೆ ಒಂದು ಕೈ ಜಾಸ್ತಿ.

ಈ ಆಟಕ್ಕೆ ಪಕ್ಕದ ಪೀಜಿಯ ಹುಡುಗನೊಬ್ಬ ಸೇರಿಕೊಂಡ. ಬೀದರ್ ಕಡೆಯವನು, ಸಾಫ್ಟ್‌ವೇರ್. ಮೊಬೈಲಿನಲ್ಲಿ ಸ್ಟಾಕ್‌ಫಿಶ್ ಎಂಬ ಚೆಸ್ ಯಂತ್ರ ತೆರೆದು ನಮ್ಮ ಸ್ಥಿತಿಯನ್ನು ಅದಕ್ಕೆ ಉಣಿಸಿದ. “ಅಂಕಲ್, ಪಾಯಿಂಟ್ ಫೋರ್ ಅಷ್ಟೇ.” ಅಂದರೆ ರಾಯರ ಇಡೀ ವೈಭವದ ಬೆಲೆ ಅರ್ಧ ಕಾಲಾಳಿಗೂ ಕಡಿಮೆ.

“ಔಟ್‌ಪೋಸ್ಟಿಗೆ ಎಷ್ಟು ಕೊಟ್ಟಿದೆ?”

“ಹಾಗೆಲ್ಲ ಬಿಡಿಸಿ ಹೇಳಲ್ಲ ಅಂಕಲ್. ಅದು ನೆಟ್‌ವರ್ಕ್ ಹೇಳೋದು.”

“ನೆಟ್‌ವರ್ಕಾ? ನಮ್ಮನೇಲಿ ಸಿಗೋದೇ ಇಲ್ಲವಲ್ಲಪ್ಪ!”

ಎರಡು ಪೀಜಿಗಳ ನಡುವೆ ಸಿಕ್ಕಿಕೊಂಡ ಮನೆಯಲ್ಲಿ ಸಿಗ್ನಲ್ ಸಿಗದಿರುವುದು ನಿಜ. ಹುಡುಗ ಹೇಳಿದ್ದು ಮಾತ್ರ ಬೇರೆ. ಮೊದಲೆಲ್ಲ ಯಂತ್ರದ ವಿವೇಕವನ್ನು ಮನುಷ್ಯರೇ ಕೂತು ಬರೆಯುತ್ತಿದ್ದರು: ವೈರಿ ಕಾಲಾಳು ಮುಟ್ಟಲಾಗದ ಮನೆಯಲ್ಲಿ, ನಮ್ಮ ಕಾಲಾಳಿನ ಕಾವಲಿನಲ್ಲಿ ಕುದುರೆ ಕೂತಿದ್ದರೆ ಇಷ್ಟು ಅಂಕ ಸೇರಿಸು, ಒಂಟೆಯಾದರೆ ಅದಕ್ಕಿಂತ ಕಡಿಮೆ, ಆಟದ ನಡುವೆ ಒಂದು ದರ, ಕೊನೆಯಲ್ಲಿ ಇನ್ನೊಂದು. ಜಪಾನಿನ ಶೋಗಿ ಆಟಕ್ಕೆಂದು ಹುಟ್ಟಿದ ನ್ಯೂರಲ್ ನೆಟ್‌ವರ್ಕ್ 2020ರಲ್ಲಿ ಸ್ಟಾಕ್‌ಫಿಶ್ 12ರೊಳಗೆ ಬಂತು. 2023ರಲ್ಲಿ ಮನುಷ್ಯರು ಬರೆದಿದ್ದ ಆ ಲೆಕ್ಕವನ್ನು ಕಿತ್ತೇ ಹಾಕಿದರು. ಯಂತ್ರ ಮೊದಲಿಗಿಂತ ಬಲವಾಯಿತು, ತಕರಾರಿಲ್ಲ. ಆದರೆ ಕಾರಣ ಹೇಳದವರ ಜೊತೆ ಜಗಳವಾಡುವುದು ಹೇಗೆ? ಜಗಳವಿಲ್ಲದ ಚೆಸ್ ನಮ್ಮ ವಯಸ್ಸಿನವರಿಗೆ ಬರೀ ಮರದ ತುಂಡುಗಳು.

ಒಂದಂತಸ್ತಿನ ರಾಯರ ಮನೆಯನ್ನೇ ಔಟ್‌ಪೋಸ್ಟ್ ಎಂದುಬಿಡುವ ಆಸೆ ನನಗೂ ಆಗಿತ್ತು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಓಡತೊಡಗಿ ಬಿಟಿಎಂಗೂ ಒಂದು ನಿಲ್ದಾಣ ಬಂದ ಮೇಲೆ ಬ್ರೋಕರುಗಳು ಗೇಟು ಬಡಿಯುವುದು ಹೆಚ್ಚಾಗಿದೆ, ರಾಯರು ಕದಲಿಲ್ಲ. ಆದರೆ ಶಾಸ್ತ್ರ ಒಪ್ಪಬೇಕಲ್ಲ. “ಕಾವಲಿಗೆ ಕಾಲಾಳು ಬೇಕು ರಾಯರೇ. ನಿಮ್ಮ ಮಗ ನ್ಯೂಜೆರ್ಸಿಯಲ್ಲಿದ್ದಾನೆ” ಎಂದೆ.

ರಾಯರು ಉತ್ತರ ಕೊಡಲಿಲ್ಲ. ಕಾಯಿಗಳನ್ನೆಲ್ಲ ಸರಿಸಿ, 1985ರ ಮಾಸ್ಕೋ ವಿಶ್ವಪಟ್ಟದ ಪಂದ್ಯದ ಹದಿನಾರನೇ ಆಟವನ್ನು ನೆನಪಿನಿಂದಲೇ ಜೋಡಿಸಿದರು. ಕ್ಯಾಸ್ಪರೋವ್‌ನ ಕಪ್ಪು ಕುದುರೆ ಹದಿನಾರನೇ ನಡೆಗೆ ಕಾರ್ಪೋವ್‌ನ ಅಂಗಳದ ಡಿ3 ಮನೆಗೇ ಬಂದು ಕೂರುತ್ತದೆ. ಅದನ್ನು ಅಟ್ಟಬಹುದಾಗಿದ್ದ ಬಿಳಿ ಕಾಲಾಳುಗಳು ಆಗಲೇ ಮನೆಬಿಟ್ಟಾಗಿದೆ. ಬಿಳಿಯ ಎರಡೂ ಕುದುರೆಗಳು ಅಂಚಿನಲ್ಲಿ ಮುದುಡಿ ಕೂರುತ್ತವೆ, ನಲವತ್ತನೇ ನಡೆಗೆ ಕಾರ್ಪೋವ್ ಕೈಚೆಲ್ಲುತ್ತಾರೆ.

“ಈ ಕುದುರೇನ ಯಾವ ಕಾಲಾಳು ಕಾಯ್ತಿದೆ, ತೋರಿಸಿ ನೋಡೋಣ.”

ಹುಡುಕಿದೆ. ಕಾಲಾಳಿಲ್ಲ. ಎಫ್5ರಲ್ಲಿ ನಿಂತ ಒಂಟೆಯೊಂದು ದೂರದಿಂದ ಓರೆಗಣ್ಣಿನಲ್ಲಿ ಕಾಯುತ್ತಿತ್ತು.

“ಒಂಟೆ ಸಾಕು ಸ್ವಾಮಿ. ಪ್ರತಿ ಭಾನುವಾರ ಫೋನ್ ಮಾಡತ್ತೆ” ಎಂದರು ರಾಯರು.

ಹುಡುಗನಿಗೆ ಏನನ್ನಿಸಿತೋ, ಮರುವಾರ ತನ್ನ ಲ್ಯಾಪ್‌ಟಾಪಿಗೆ ಸ್ಟಾಕ್‌ಫಿಶ್ 11 ಹಾಕಿಕೊಂಡು ಬಂದ. 2020ರ ಜನವರಿಯದು, ನೆಟ್‌ವರ್ಕ್ ಬೆರೆಯುವುದಕ್ಕೆ ಮುಂಚಿನದು. ಕುದುರೆಗಳಿಗೆ ಇಷ್ಟು, ಒಂಟೆಗಳಿಗೆ ಇಷ್ಟು, ರಾಜನ ಭದ್ರತೆಗೆ ಇಷ್ಟು ಎಂದು ಅದು ಸಾಲುಸಾಲಾಗಿ ಲೆಕ್ಕ ಒಪ್ಪಿಸುತ್ತದೆ. ರಾಯರು ಕನ್ನಡಕ ಏರಿಸಿ ಒಂದೊಂದು ಸಾಲಿಗೂ ತಗಾದೆ ತೆಗೆಯುತ್ತಾರೆ. ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಸೋಲಿಸುವುದಕ್ಕೆ ಆ ಹಳೆಯ ಯಂತ್ರವೇ ಧಾರಾಳವಾಯಿತು.