ಕರಾವಳಿಯ ಮಕ್ಕಳು ಹುಲಿಯನ್ನು ಕಂಡದ್ದು

ಕುಂದಾಪುರ ಸೀಮೆಯ ಮಕ್ಕಳಿಗೆ ಹುಲಿಯೆಂಬುದು ಅಪರಿಚಿತ ಪ್ರಾಣಿಯೇನೂ ಅಲ್ಲ. ನವರಾತ್ರಿ ಬಂತೆಂದರೆ ತಾಸೆಯ ಬಡಿತಕ್ಕೆ ಹೆಜ್ಜೆಯಿಡುತ್ತ, ಮೈತುಂಬ ಹಳದಿ ಕಪ್ಪು ಪಟ್ಟೆಗಳನ್ನು ಬಳಿದುಕೊಂಡ ಹುಲಿ ಅಂಗಳಕ್ಕೇ ಬಂದು ಕುಣಿದು, ಕಾಣಿಕೆ ಪಡೆದು, ಮುಂದಿನ ಮನೆಗೆ ನಡೆಯುತ್ತದೆ. ಬ್ರಹ್ಮಾವರವನ್ನು ದಾಟಿ ತೆಂಕಣಕ್ಕೆ ಹೋದಂತೆ ಅದೇ ಹುಲಿ ‘ಪಿಲಿ’ಯಾಗುತ್ತದೆ, ಪಿಲಿಚಾಮುಂಡಿಯೆಂಬ ದೈವವಾಗಿ ಪೂಜೆಗೊಳ್ಳುತ್ತದೆ. ಇನ್ನು ಸಿಂಹವಂತೂ ದೇವಿಯ ವಾಹನವಾಗಿ ಗುಡಿಯ ಬಾಗಿಲಲ್ಲಿಯೂ ತೇರಿನ ಅಚ್ಚಿನಲ್ಲಿಯೂ ಸದಾ ಕುಳಿತೇ ಇದೆ. ಆದರೆ ಬಣ್ಣ ಬಳಿಯದ ಹುಲಿಯನ್ನು, ಕಲ್ಲಿನದಲ್ಲದ ಸಿಂಹವನ್ನು ಎಷ್ಟು ಮಕ್ಕಳು ಕಂಡಿದ್ದಾರೆ?

ಈ ಪ್ರಶ್ನೆಯೇ ಒಂದು ಕುಟುಂಬವನ್ನು ಜನವರಿಯ ಒಂದು ಭಾನುವಾರ ಕೋಳಿ ಕೂಗುವ ಮೊದಲೇ ಎಬ್ಬಿಸಿತು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲ್ಲೂಕುಗಳಾದವಷ್ಟೆ. ಸರಕಾರ ಎಳೆದ ಗೆರೆಗಳು ನೆಂಟಸ್ತಿಕೆಗೆ ಅಡ್ಡ ಬರುವುದುಂಟೆ? ಕುಂದಾಪುರದ ಮೂಡುದಿಕ್ಕಿನ ತೋಟದ ಮನೆಯಲ್ಲಿ ಅಜ್ಜಯ್ಯ, ಅಮ್ಮಮ್ಮ ಮತ್ತು ಮಗನ ಸಂಸಾರ. ಹಿರಿಯ ಮಗಳನ್ನು ಕೊಟ್ಟದ್ದು ಬೈಂದೂರಿಗೆ, ಕಿರಿಯವಳನ್ನು ಬ್ರಹ್ಮಾವರಕ್ಕೆ. ಮೂರು ತಾಲ್ಲೂಕುಗಳ ಮೊಮ್ಮಕ್ಕಳು ಹಿಂದಿನ ರಾತ್ರಿಯೇ ಬಂದು ಸೇರಿದ್ದರು. ಬೈಂದೂರಿನ ಮಾಣಿಗೆ ಹನ್ನೆರಡು ವರ್ಷ, ಅವನಿಗೆ ತಿಳಿಯದ ವಿಷಯವಿಲ್ಲ. ಮನೆಯ ಮೊಮ್ಮಗನಿಗೆ ಒಂಬತ್ತು, ಅವನ ಬಾಯಲ್ಲಿ ಪ್ರಶ್ನೆಗಳಲ್ಲದೆ ಬೇರೆ ಮಾತಿಲ್ಲ. ಬ್ರಹ್ಮಾವರದ ಹುಡುಗಿಗೆ ಏಳು. ನೆರೆಮನೆಯ ಗೆಳತಿಯರಿಂದ ಕಲಿತ ತುಳುವನ್ನು ಕನ್ನಡದೊಡನೆ ಬೆರೆಸಿ ಮಾತನಾಡುವವಳು.

ಅಜ್ಜಯ್ಯ ನಿವೃತ್ತ ಶಾಲಾ ಮಾಸ್ತರರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ರಚಿಸಿದ ‘ಬಾಲ ಪ್ರಪಂಚ’ವನ್ನು ಅವರು ತಮ್ಮ ಬಾಲ್ಯದಲ್ಲಿ ಓದಿ ಲೋಕವನ್ನು ಅರಿತವರು. ಕಣ್ಣಿನಿಂದ ನೋಡಿದ್ದೇ ವಿದ್ಯೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಪ್ರವಾಸದ ಸೂಚನೆ ಅವರಿಂದಲೇ ಬಂದಿತ್ತು. ಗುರಿ, ಶಿವಮೊಗ್ಗೆಯ ಸಮೀಪದ ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮ.

ಘಟ್ಟದ ಮೇಲಕ್ಕೆ

ಶಾಸ್ತ್ರಿ ವೃತ್ತದಲ್ಲಿ ದೀಪಗಳು ಇನ್ನೂ ಉರಿಯುತ್ತಿದ್ದಾಗಲೇ ಬಾಡಿಗೆಯ ವ್ಯಾನು ಮೂಡಣಕ್ಕೆ ತಿರುಗಿತು. ಕಂಡ್ಲೂರು, ಅಂಪಾರು, ಸಿದ್ದಾಪುರಗಳು ಒಂದೊಂದಾಗಿ ಹಿಂದೆ ಸರಿದವು. ಹೊಸಂಗಡಿಯನ್ನು ದಾಟುತ್ತಲೂ ದಾರಿ ಬಾಳೆಬರೆ ಘಾಟಿಯನ್ನು ಏರತೊಡಗಿತು. ತಿರುವು ತಿರುವಿಗೂ ಕಣಿವೆಯಿಂದ ಮಂಜು ಮೇಲೇಳುತ್ತಿತ್ತು. ಬೈಂದೂರಿನ ಮಾಣಿಯ ಸರ್ವಜ್ಞತ್ವ ಮೂರನೆಯ ತಿರುವಿನಲ್ಲಿ ಕ್ಷೀಣಿಸಿ, ಐದನೆಯದರಲ್ಲಿ ಅಮ್ಮಮ್ಮನ ಮಡಿಲಿಗೆ ಒರಗಿತು. ಆಕೆ ಸೆರಗಿನ ಗಂಟಿನಿಂದ ನಿಂಬೆಹಣ್ಣೊಂದನ್ನು ತೆಗೆದು ಮೂಗಿಗೆ ಹಿಡಿದರು.

ಘಟ್ಟದ ಊರಿನ ಹೆಸರು ಹುಲಿಕಲ್ಲು. ಅಲ್ಲಿ ಚಂಡಿಕಾಂಬೆಯ ಗುಡಿಯೆದುರು ವಾಹನಗಳು ನಿಂತು ಕೈಮುಗಿದು ಮುಂದೆ ಸಾಗುವುದು ವಾಡಿಕೆ. ವ್ಯಾನೂ ನಿಂತಿತು. ಬಾಳೆಯೆಲೆಯಲ್ಲಿ ಕಟ್ಟಿ ತಂದಿದ್ದ ಅವಲಕ್ಕಿ, ಕೊಟ್ಟೆ ಕಡುಬುಗಳು ಹೊರಬಂದವು. ಹೆಸರಿನಲ್ಲಿ ಹುಲಿಯಿರುವ ಊರಿನಲ್ಲಿ ಹುಲಿಯಿದೆಯೆ ಎಂಬುದು ಮೊಮ್ಮಗನ ಪ್ರಶ್ನೆ.

“ಹೆಸರಿಡುವಾಗ ಇದ್ದಿರಬೇಕು ಮಾಣಿ,” ಎಂದರು ಅಜ್ಜಯ್ಯ. “ಇಲ್ಲದಿದ್ದರೆ ಕಲ್ಲಿಗೆ ಆ ಹೆಸರು ಯಾರು ಇಟ್ಟಾರು?”

ಮಾಸ್ತಿಕಟ್ಟೆ, ಹೊಸನಗರ, ರಿಪ್ಪನ್‌ಪೇಟೆಗಳನ್ನು ಕಳೆದು ಆಯನೂರು ಸಮೀಪಿಸಿದಂತೆ ಕಾಡಿನ ಬಣ್ಣವೇ ಬದಲಾಯಿತು. ವರ್ಷದ ಹನ್ನೆರಡು ತಿಂಗಳೂ ಹಸುರಾಗಿರುವ ಕಾಡನ್ನಷ್ಟೇ ಕಂಡ ಕರಾವಳಿಯ ಮಕ್ಕಳಿಗೆ, ಎಲೆಯುದುರಿಸಿ ನಿಂತ ಮರಗಳು ವಿಚಿತ್ರವಾಗಿ ತೋರಿದವು. ಇವುಗಳಿಗೆ ರೋಗ ಬಂದಿದೆಯೆ ಎಂದು ಬ್ರಹ್ಮಾವರದ ಹುಡುಗಿ ಕೇಳಿದಳು. ನೀರು ಕಡಿಮೆಯಾಗುವ ಕಾಲದಲ್ಲಿ ಮರ ತನ್ನ ಖರ್ಚನ್ನು ಕಡಿಮೆ ಮಾಡಿಕೊಳ್ಳುವ ಉಪಾಯ ಅದೆಂದು ಅಜ್ಜಯ್ಯ ವಿವರಿಸಿದರು.

ಪಂಜರದೊಳಗೆ ಮನುಷ್ಯರು

ತ್ಯಾವರೆಕೊಪ್ಪವು ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ, ನಗರದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿದೆ. ಈ ಧಾಮ ಆರಂಭವಾದದ್ದು 1988ರಲ್ಲಿ. ಇದು ಬರಿಯ ಮೃಗಾಲಯವಲ್ಲ. ಮೃಗಾಲಯದಲ್ಲಿ ಮೃಗಗಳು ಪಂಜರದೊಳಗಿದ್ದು ಮನುಷ್ಯರು ಹೊರಗೆ ತಿರುಗಾಡುತ್ತಾರೆ. ಇಲ್ಲಿ ಆವರಣದೊಳಗಣ ಕಾಡಿನಲ್ಲಿ ಮೃಗಗಳು ತಿರುಗಾಡುತ್ತವೆ. ಮನುಷ್ಯರೇ ಕಬ್ಬಿಣದ ಜಾಲರಿಯ ಬಸ್ಸೆಂಬ ಪಂಜರದಲ್ಲಿ ಕುಳಿತು ಅವುಗಳ ನಡುವೆ ಹಾದುಹೋಗಬೇಕು.

‘ಸಫಾರಿ’ ಎಂಬುದು ಪೂರ್ವ ಆಫ್ರಿಕೆಯ ಸ್ವಾಹಿಲಿ ಭಾಷೆಯ ಮಾತು. ಪ್ರಯಾಣವೆಂಬುದೇ ಅದರ ಅರ್ಥ. ಅದರ ಬೇರಿರುವುದು ಅರಬ್ಬಿಯಲ್ಲಿ. ಹಿಂದೂಸ್ಥಾನಿಯ ‘ಸಫರ್’ ಕೂಡ ಅದೇ ಬಳ್ಳಿಯ ಕುಡಿ. ಒಂದು ಕಾಲಕ್ಕೆ ಬಂದೂಕು ಹಿಡಿದ ಬಿಳಿಯರ ಬೇಟೆಯಾತ್ರೆಗೆ ಸಲ್ಲುತ್ತಿದ್ದ ಈ ಮಾತು ಕಾಲಕ್ರಮದಲ್ಲಿ ಕಣ್ಣಿನ ಬೇಟೆಗೆ ಮೀಸಲಾಯಿತು. 1966ರಲ್ಲಿ ಇಂಗ್ಲೆಂಡಿನ ಲಾಂಗ್‌ಲೀಟ್ ಎಂಬಲ್ಲಿ ಸಿಂಹಗಳನ್ನು ಬಯಲಿಗೆ ಬಿಟ್ಟು, ಜನರು ತಮ್ಮ ಮೋಟಾರುಗಳಲ್ಲೇ ಕುಳಿತು ಅವನ್ನು ನೋಡುವ ಏರ್ಪಾಡು ಆದಾಗ ಲೋಕವೇ ಬೆರಗಾಯಿತು.

ಬಸ್ಸು ಮೊದಲು ಜಿಂಕೆ, ಕಡವೆಗಳ ನೆಲೆಯನ್ನು ಹಾದುಹೋಯಿತು. ಬಳಿಕ ಎತ್ತರದ ಬಾಗಿಲೊಂದು ತೆರೆಯಿತು. ಬಸ್ಸು ಒಳಹೊಕ್ಕ ಮೇಲೆ ಆ ಬಾಗಿಲು ಭದ್ರವಾಗಿ ಮುಚ್ಚಿಕೊಂಡಿತು. ಆಮೇಲೆಯೇ ಮುಂದಿನ ಬಾಗಿಲು ತೆರೆದದ್ದು. ಎರಡು ಬಾಗಿಲುಗಳ ನಡುವಣ ಆ ಅರ್ಧ ನಿಮಿಷದಲ್ಲಿ ಬಸ್ಸಿನಲ್ಲಿದ್ದ ಎಲ್ಲರ ಮಾತೂ ನಿಂತುಹೋಯಿತು.

ಮೊದಲನೆಯ ಹುಲಿ ಬಿದಿರುಮೆಳೆಯ ನೆರಳಿನಲ್ಲಿ ಅಂಗಾತ ಮಲಗಿ ನಿದ್ರಿಸುತ್ತಿತ್ತು. ಮಕ್ಕಳ ನಿರಾಶೆಗೆ ಪಾರವಿಲ್ಲ. ಅಬ್ಬರಿಸುವ ಹುಲಿಯನ್ನು ನೋಡಲು ಘಟ್ಟ ಹತ್ತಿ ಬಂದವರಿಗೆ, ಊಟ ಮಾಡಿ ಮಲಗಿದ ನೆಂಟರಂತೆ ಹೊಟ್ಟೆ ಮೇಲೆ ಮಾಡಿ ಮಲಗಿದ ಹುಲಿ! ಹುಲಿಯು ಹಗಲಿನ ಬಹುಭಾಗವನ್ನು ವಿಶ್ರಾಂತಿಯಲ್ಲೇ ಕಳೆಯುತ್ತದೆಂದೂ, ಮೃಗಾಲಯಗಳಲ್ಲಿ ಅದರ ಆರೋಗ್ಯಕ್ಕಾಗಿ ವಾರಕ್ಕೊಂದು ದಿನ ಉಪವಾಸ ಹಾಕುವುದು ಸಾಮಾನ್ಯವೆಂದೂ ಬೈಂದೂರಿನ ಅಳಿಯ ತಿಳಿಸಿದರು.

“ನಮಗೆ ಏಕಾದಶಿ ಹದಿನೈದು ದಿನಕ್ಕೊಮ್ಮೆ,” ಎಂದರು ಅಮ್ಮಮ್ಮ. “ಇದು ನಮಗಿಂತ ಮಡಿವಂತ!”

ಎರಡನೆಯದು ಎಚ್ಚರವಾಗಿತ್ತು. ಹುಲ್ಲಿನ ನಡುವಿನಿಂದ ಎದ್ದು ಬಸ್ಸಿನ ಪಕ್ಕದಲ್ಲೇ, ಕೈಯಳತೆಯ ದೂರದಲ್ಲಿ, ಸದ್ದಿಲ್ಲದೆ ನಡೆದುಬಂದಿತು. ಒಂದು ಹೆಗಲಿನ ಮೂಳೆ ಮೇಲೇಳುವಾಗ ಇನ್ನೊಂದು ತಗ್ಗುವುದು, ತಲೆ ಮಾತ್ರ ಅಲುಗದೆ ಒಂದೇ ಮಟ್ಟದಲ್ಲಿ ತೇಲಿಬರುವುದು: ನವರಾತ್ರಿಯ ವೇಷಧಾರಿಗಳು ಅಂಗಳದಲ್ಲಿ ತೋರಿಸುವ ನಡೆ ಇದೇ ಅಲ್ಲವೆ! ಯಾವ ಕಾಡಿನಲ್ಲಿ, ಯಾವ ಕಾಲದಲ್ಲಿ ಕಂಡು ಕಲಿತರೋ, ಆ ಕಲಾವಿದರು ತಪ್ಪಿಲ್ಲದೆ ಕಲಿತಿದ್ದಾರೆಂದು ಅಜ್ಜಯ್ಯನಿಗೆ ಅನ್ನಿಸಿತು. ಬ್ರಹ್ಮಾವರದ ಹುಡುಗಿ ತಾಯಿಯ ಕೈಯನ್ನು ಬಿಗಿಯಾಗಿ ಹಿಡಿದು “ಪಿಲಿ” ಎಂದು ಉಸಿರಿನಲ್ಲೇ ನುಡಿದಳು. ಮೊಮ್ಮಗನು ಕಂಡುಕೊಂಡದ್ದು ಬೇರೆ.

“ಅಜ್ಜಯ್ಯ, ಅದ್ ನಮ್ಮನ್ನ್ ಕಾಂಬುದೇ ಇಲ್ಲ,” ಎಂದ.

ನಿಜವೇ. ಐವತ್ತು ಕಣ್ಣುಗಳು ಅದರ ಮೇಲಿದ್ದರೂ ಅದು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಸಿಂಹದ ನೆಲೆ ಆಚೆಗೆ. ಕೇಸರವನ್ನು ಹರಡಿಕೊಂಡು ದಿಬ್ಬದ ಮೇಲೆ ಕುಳಿತ ಗಂಡುಸಿಂಹ ಚಿತ್ರಪಟಕ್ಕೆ ಒಪ್ಪುವಂತಿತ್ತು. ಹೊಯ್ಸಳರ ಲಾಂಛನದಲ್ಲಿ ಸಳನೊಡನೆ ಹೋರಾಡುವ ಈ ಪ್ರಾಣಿ ಕನ್ನಡನಾಡಿನ ಕಾಡಿನದಲ್ಲ. ಏಷ್ಯದ ಸಿಂಹ ಸ್ವತಂತ್ರವಾಗಿ ಉಳಿದಿರುವುದು ಗುಜರಾತಿನಲ್ಲಿ, ಗಿರ್ ಕಾಡು ಮತ್ತು ಅದರ ಸುತ್ತಣ ಸೀಮೆಯಲ್ಲಿ ಮಾತ್ರ. 2025ರ ಎಣಿಕೆಯಲ್ಲಿ ಅಲ್ಲಿದ್ದುವು 891. ಹುಲಿಯಾದರೋ ನಮ್ಮದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, 1973ರ ಹುಲಿ ಯೋಜನೆಗಳ ಫಲವಾಗಿ ಅಳಿವಿನ ಅಂಚಿನಿಂದ ಹಿಂದಿರುಗಿದ ಹುಲಿಗಳು 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563. ಮಧ್ಯಪ್ರದೇಶವನ್ನು ಬಿಟ್ಟರೆ ಇಷ್ಟು ಹುಲಿಗಳು ಬೇರಾವ ರಾಜ್ಯದಲ್ಲಿಯೂ ಇರಲಿಲ್ಲ.

ಒಂದು ಪ್ರಶ್ನೆ

ಬಸ್ಸಿನಿಂದ ಇಳಿದ ಮೇಲೆ ನಡೆದು ನೋಡುವ ಭಾಗವಿದೆ. ಅಲ್ಲಿ ಚಿರತೆಯ ಆವರಣದೆದುರು ಮೊಮ್ಮಗನು ನಿಂತುಬಿಟ್ಟ. ಎಷ್ಟು ಕರೆದರೂ ಕದಲಲಿಲ್ಲ.

“ಅಜ್ಜಯ್ಯ, ನಮ್ ಬಾವಿಗ್ ಬಿದ್ದದ್ ಇದೇಯಾ?”

ಹಿಂದಿನ ಮಳೆಗಾಲದ ಮಾತು. ರಾತ್ರಿ ನಾಯಿಯನ್ನು ಅಟ್ಟಿಕೊಂಡು ಬಂದ ಚಿರತೆಯೊಂದು ತೋಟದ ಬಾವಿಗೆ ಬಿದ್ದಿತ್ತು. ಕುಂದಾಪುರ, ಬ್ರಹ್ಮಾವರ, ಬೈಂದೂರುಗಳ ತೋಟಗಳಲ್ಲಿ ನೆಲಮಟ್ಟದ ಬಾವಿಗಳಿರುವಲ್ಲಿ ಇಂಥ ಪ್ರಸಂಗ ಹೊಸತಲ್ಲ. ಬೆಳಗಾಗುವಾಗ ಅದು ಕಲ್ಲಿನ ಸಂದಿಗೆ ಉಗುರು ಊರಿ, ಕೊರಳವರೆಗಿನ ನೀರಿನಲ್ಲಿ ನಡುಗುತ್ತಿತ್ತು. ಊರೇ ನೆರೆಯಿತು. ಅರಣ್ಯ ಇಲಾಖೆಯವರು ಬಂದು ಜನರನ್ನು ದೂರ ಸರಿಸಿ, ಬೋನನ್ನು ಹಗ್ಗದಿಂದ ಇಳಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅದು ಬೋನನ್ನು ಸೇರಿತು. ದೂರದ ಕಾಡಿಗೆ ಬಿಡುವೆವೆಂದು ಹೇಳಿ ಒಯ್ದರು. “ಇನ್ನು ಈ ದಿಕ್ಕಿಗೇ ಬಾರದಷ್ಟು ದೂರ ಒಯ್ಯಿರಿ” ಎಂದು ಅಂದು ಗಟ್ಟಿಯಾಗಿ ಹೇಳಿದವರು ಅಜ್ಜಯ್ಯನೇ. ಮೊಮ್ಮಕ್ಕಳು ಆಡುವ ಅಂಗಳವದು. ಅವರ ಭಯ ಸುಳ್ಳಲ್ಲ.

ಆವರಣದಲ್ಲಿದ್ದ ಚಿರತೆ ಅತ್ತಿಂದಿತ್ತ, ಇತ್ತಿಂದತ್ತ ಒಂದೇ ಜಾಡಿನಲ್ಲಿ ನಡೆಯುತ್ತಿತ್ತು. ಆ ಜಾಡಿನಲ್ಲಿ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು.

“ಇದಲ್ಲ ಮಾಣಿ. ಅದು ಕಾಡಿಗೆ ಹೋಯಿತು.”

“ಯಾವ ಕಾಡಿಗೆ?”

ನಲವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ಮಾಸ್ತರರು ಈ ಒಂದಕ್ಕೆ ಉತ್ತರವಿಲ್ಲದೆ ನಿಂತರು. ಬಾವಿಗೆ ಬಿದ್ದದ್ದನ್ನು ನೂರು ಜನ ನೋಡಿದ್ದರು. ಅದು ಎಲ್ಲಿಗೆ ಹೋಯಿತೆಂದು ಅವರಲ್ಲಿ ಒಬ್ಬರಾದರೂ ವಿಚಾರಿಸಿರಲಿಲ್ಲ.

ಕೊಲ್ಲೂರಿನ ದಾರಿಯಲ್ಲಿ

ಹಿಂದಿರುಗುವಾಗ ದಾರಿ ಬೇರೆ. ಹೊಸನಗರದಿಂದ ನಗರ, ನಿಟ್ಟೂರುಗಳ ಮೇಲಾಗಿ, ನಾಗೋಡಿಯಲ್ಲಿ ಘಟ್ಟವನ್ನಿಳಿದು ಕೊಲ್ಲೂರಿಗೆ. ಕೆಳದಿಯ ಅರಸರ ರಾಜಧಾನಿಯಾಗಿ ಮೆರೆದು, 1763ರಲ್ಲಿ ಹೈದರಾಲಿಯ ವಶವಾದ ಬಿದನೂರಿನ ಕೋಟೆಯನ್ನು ವ್ಯಾನಿನ ಕಿಟಕಿಯಿಂದಲೇ ನೋಡಬೇಕಾಯಿತು; ಹೊತ್ತು ಇಳಿಯುತ್ತಿತ್ತು. 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ಮಾತ್ರ ಬಿಸಿಲು ಉಳಿದಿತ್ತು.

ನಾಗೋಡಿಯ ಇಳಿಜಾರಿನಲ್ಲಿ ಕಾಡು ಎರಡೂ ಕಡೆಯಿಂದ ದಾರಿಯನ್ನು ಮುಚ್ಚಿಕೊಂಡು ಬರುತ್ತದೆ. ಇದು ಮೂಕಾಂಬಿಕಾ ವನ್ಯಜೀವಿಧಾಮ. 1974ರಲ್ಲಿ ಘೋಷಿತವಾಗಿ, ಮುಂದೆ ವಿಸ್ತಾರಗೊಂಡು ಸುಮಾರು 370 ಚದರ ಕಿಲೋಮೀಟರುಗಳಷ್ಟಾಗಿದೆ. ದೇವಿಯ ದರ್ಶನಕ್ಕೆಂದು ಕೊಲ್ಲೂರಿಗೆ ಎಷ್ಟೋ ಬಾರಿ ಬಂದವರಿಗೂ ತಾವು ಹಾದುಬರುವುದು ವನ್ಯಮೃಗಗಳ ಮನೆಯ ಅಂಗಳವನ್ನು ಎಂಬ ನೆನಪಿರುವುದು ಅಪರೂಪ. ಪಶ್ಚಿಮಘಟ್ಟವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಸಿಂಗಳೀಕ ಇಲ್ಲಿಯ ಒಕ್ಕಲು. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥದೇ ಕುಚ್ಚು. ಆ ಬಾಲವನ್ನು ನೋಡಿಯೇ ಇಂಗ್ಲಿಷರು ಅದಕ್ಕೆ ಸಿಂಹಬಾಲದ ಕೋತಿಯೆಂದು ಹೆಸರಿಟ್ಟರು. ನೆಲಕ್ಕಿಳಿಯುವುದೇ ಅಪರೂಪವಾದ ಈ ಕೋತಿಗೆ ಮರದ ನೆತ್ತಿಯಿಂದ ಮರದ ನೆತ್ತಿಗೆ ಹಾದಿ ತಪ್ಪದಂತೆ ಕಾಡಿರಬೇಕು. ಗಿರ್‌ನ ಸಿಂಹವನ್ನು ನೋಡಲು ಘಟ್ಟ ಹತ್ತಿದವರ ಸ್ವಂತ ತಾಲ್ಲೂಕಿನಲ್ಲೇ ಇಂಥ ಸಿಂಹವೊಂದಿದೆ ಎಂದು ಬೈಂದೂರಿನ ಅಳಿಯ ಹೇಳಿದಾಗ ಮಕ್ಕಳೆಲ್ಲರೂ ಕಿಟಕಿಗೆ ಮುಖವಿಟ್ಟರು.

ಏನೂ ಕಾಣಲಿಲ್ಲ. ಎಲೆಗಳ ನಡುವೆ ಕತ್ತಲೆ ಮಾತ್ರ. ಸಫಾರಿಯಲ್ಲಿ ಹಣ ಕೊಟ್ಟವರಿಗೆಲ್ಲ ಹುಲಿ ಕಾಣಿಸುತ್ತದೆ. ಇಲ್ಲಿ ಹಾಗೆ ಯಾವ ಕರಾರೂ ಇಲ್ಲ. ಆದರೂ ಬೆಳಗಿನಿಂದ ಒಂದು ಕ್ಷಣವೂ ಸುಮ್ಮನಿರದ ಮಕ್ಕಳು ಈ ಕತ್ತಲೆಯನ್ನು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದರು.

“ಅಜ್ಜಯ್ಯ, ಅದು ಇಲ್ಲೇ ಇತ್ತಾ?”

“ಇದ್ದೀತು,” ಎಂದರು ಅಜ್ಜಯ್ಯ.

“ಮತ್ತೆ ನಮ್ಮನೆ ಬದಿಗೆ ಬಂದರೆ?”

ವ್ಯಾನು ಇಳಿಜಾರನ್ನು ಮುಗಿಸಿ ಕೊಲ್ಲೂರಿನ ದೀಪಗಳನ್ನು ಸೇರುವವರೆಗೂ ಅವರು ಮಾತನಾಡಲಿಲ್ಲ. ದೇವಿಗೆ ಕೈಮುಗಿದು, ಹಿರಿಯ ಮಗಳ ಸಂಸಾರವನ್ನು ಬೈಂದೂರಿನ ದಾರಿಗೆ ಬೀಳ್ಕೊಟ್ಟು, ವಂಡ್ಸೆ, ಹೆಮ್ಮಾಡಿಗಳ ಮೇಲಾಗಿ ಮನೆ ಮುಟ್ಟುವಾಗ ರಾತ್ರಿ ಹತ್ತಾಗಿತ್ತು. ಮಕ್ಕಳು ನಿದ್ದೆಹೋಗಿದ್ದರು.

ಮರುದಿನ ಬೆಳಿಗ್ಗೆ ಮೊಮ್ಮಗ ಎದ್ದು ಬಂದಾಗ ಬಾವಿಯ ಬಳಿ ಅಜ್ಜಯ್ಯ ಮೇಸ್ತ್ರಿಯೊಡನೆ ನಿಂತಿದ್ದರು. ಕಟ್ಟೆ ಎಷ್ಟು ಎತ್ತರವಿರಬೇಕು, ಮೇಲೆ ಹಾಸುವ ಕಬ್ಬಿಣದ ಜಾಲರಿ ಎಷ್ಟು ಅಗಲವಿರಬೇಕು ಎಂದು ಅಳತೆ ನಡೆದಿತ್ತು. ಕಲ್ಲು ಎಷ್ಟು ಬೇಕಾದೀತೆಂದು ಮೇಸ್ತ್ರಿ ಬೆರಳೆಣಿಸುತ್ತಿದ್ದ. ಅಳತೆಯ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬರು ಬೇಕಾಗಿತ್ತು. ಮೊಮ್ಮಗ ಓಡಿಹೋಗಿ ಹಿಡಿದ.