ನೀರಿಗೆ ಮುಖ ಮಾಡಿದ ಕಿಟಕಿ

ಬಾಗಲಕೋಟೆಗೆ ಸಮುದ್ರವಿಲ್ಲ. ಆದರೆ ಆಲಮಟ್ಟಿ ತುಂಬಿ ನೀರು 519.60 ಮೀಟರಿಗೆ ನಿಂತಿತೆಂದರೆ ಹಳೇ ಊರಿನ ತಗ್ಗಿನ ಓಣಿಗಳಿದ್ದ ಕಡೆಯೆಲ್ಲ ಹಿನ್ನೀರು ಹರವಿಕೊಳ್ಳುತ್ತದೆ. ದಂಡೆಯಲ್ಲಿ ಮನೆ ಕಟ್ಟಿದವರು ಆ ಕಡೆಗೊಂದು ದೊಡ್ಡ ಗಾಜಿನ ಕಿಟಕಿ ಇಡುತ್ತಾರೆ. ನಮ್ಮ ಚಿಗವ್ವನೂ ಇಟ್ಟಳು, ಅದೂ ಪಡುವಣಕ್ಕೆ. ಅವಳು ಹುಟ್ಟಿದ ಮಾಳಿಗೆ ಮನೆ ಆ ನೀರಿನಡಿಗೇ ಹೋಗಿದೆ. ಅವಳಿಗೆ ಆ ಕಿಟಕಿ ಬೇಕೇ ಬೇಕು.

ಅದಕ್ಕೆ ಏನು ಹಾಕುವುದು? ಅಂಗಡಿಯವರು ಅಲ್ಯೂಮಿನಿಯಂ ಪಟ್ಟಿಗಳ ವೆನಿಷಿಯನ್ ಬ್ಲೈಂಡ್ಸ್ ಇಳಿಬಿಟ್ಟು ತೋರಿಸಿದರು. ಕಾರವಾರದಂಥ ಕಡಲೂರಿನಲ್ಲಾದರೆ ಉಪ್ಪುಗಾಳಿಗೆ ಸ್ಕ್ರೂ, ಕೊಂಡಿ ಎಲ್ಲ ತುಕ್ಕು ಹಿಡಿಯುತ್ತವೆ; ಅಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ನಮ್ಮದು ಸಿಹಿನೀರು, ನಮ್ಮ ಕಾಟ ಎರಿಮಣ್ಣಿನ ಧೂಳು. ಚಿಗವ್ವ ಒಂದು ಪಟ್ಟಿಯ ಮೇಲೆ ಬೆರಳಾಡಿಸಿದಳು. ನೀಟಾಗಿ ಒಂದು ಗೆರೆ ಮೂಡಿತು. “ಅಂಗಡಿಯಾಗ ಹಿಂಗಂದ್ರ ನಮ್ಮನ್ಯಾಗ ಹೆಂಗ ತಮ್ಮಾ? ದಿನಾ ಯಾರು ಒರಸಾವ್ರು?”

ನನ್ನ ತಕರಾರು ಬೇರೆ. ಬಿಸಿಲು ಮೇಲಿನಿಂದ ಬೀಳುವ ತೆಂಕಣ ಕಿಟಕಿಗೆ ಅಡ್ಡಪಟ್ಟಿ ಚೆನ್ನ. ಹೊರಅಂಚು ಕೆಳಗೆ ಬಾಗುವಂತೆ ತಿರುಗಿಸಿದರೆ ಬಿಸಿಲು ತಡೆಯುತ್ತದೆ, ಅಂಗಳವೂ ಕಾಣುತ್ತದೆ. ಪಡುವಣದ ಸಂಜೆ ಬಿಸಿಲು ನೇರ ಕಣ್ಣಿಗೇ ಬರುತ್ತದೆ. ಅದನ್ನು ತಡೆಯಲು ಪಟ್ಟಿಗಳನ್ನು ಪೂರ್ತಿ ಮುಚ್ಚಬೇಕು. ಆಗ ನೀರೂ ಇಲ್ಲ, ಗಾಳಿಯೂ ಇಲ್ಲ. ಗಾಜು ದಾಟಿ ಬಂದ ಕಾವು ಹೇಗೂ ಕೋಣೆಯಲ್ಲೇ ಉಳಿಯುತ್ತದೆ. ಬಿಸಿಲನ್ನು ಗಾಜಿನ ಹೊರಗೇ ನಿಲ್ಲಿಸಬೇಕು.

ಹುನಗುಂದ ತಾಲೂಕಿನ ಐಹೊಳೆಗೆ ಹೋದಾಗಲೆಲ್ಲ ನಾನು ಲಾಡಖಾನ ಗುಡಿಯ ಜಾಲಂಧ್ರದ ಮುಂದೆ ನಿಲ್ಲುತ್ತೇನೆ. ಕಲ್ಲಿನಲ್ಲಿ ಕೊರೆದ ತೂತುಗಳು, ದಪ್ಪ ಅಂಚು. ಬಿಸಿಲು ಅಂಚಿಗೇ ಬಡಿದು ಒಳಗೆ ಚೂರುಚೂರಾಗಿ ಬೀಳುತ್ತದೆ, ಗಾಳಿಗೆ ಮಾತ್ರ ತಡೆಯಿಲ್ಲ. ಚಾಲುಕ್ಯರ ಕಾಲದ ಕಲ್ಲುಕುಟಿಗರಿಗೆ ಈ ಸೀಮೆಯ ಬಿಸಿಲು ಚೆನ್ನಾಗಿ ಗೊತ್ತಿತ್ತು.

ಚಿಗವ್ವನ ಮನೆಗೆ ಕಲ್ಲಿನ ಜಾಲಿ ಹಾಕಿದ್ದರೆ ನೀರು ಮರೆಯಾಗುತ್ತಿತ್ತು. ಹಾಗಾಗಿ ಚಜ್ಜಾದ ಅಂಚಿಗೆ ಬಿದಿರಿನ ತಟ್ಟಿ ಕಟ್ಟಿಸಿದೆವು. ಮಧ್ಯಾಹ್ನ ಮೂರರ ಮೇಲೆ ಇಳಿಸುವುದು, ಹೊತ್ತು ಮುಳುಗಿದ ಮೇಲೆ ಸುತ್ತಿಡುವುದು. ಸಂದುಗಳಿಂದ ನೀರು ಅಷ್ಟಿಷ್ಟು ಕಾಣುತ್ತದೆ, ಅವಳಿಗೆ ಅಷ್ಟು ಸಾಕು. ಒಳಗೆ ಹಳೆಯ ಇಳಕಲ್ ಸೀರೆಯ ಪರದೆ, ಟೋಪ್ ತೆನಿ ಸೆರಗು ಕೆಳಕ್ಕೆ. ಬಿಸಿಲು ಹೊರಗೇ ನಿಂತರೆ ಬಣ್ಣ ಬೇಗ ಮಾಸುವುದಿಲ್ಲ, ಧೂಳು ಕೂತರೆ ಒಗೆದು ಹಾಕಿದರಾಯಿತು.

ಬ್ಲೈಂಡ್ಸನ್ನೂ ಬಿಡಲಿಲ್ಲ; ತೆಂಕಣ ಕೋಣೆಗೆ ಒಂದು ತಂದೆವು. ಮೊಮ್ಮಕ್ಕಳು ಓಡಾಡುವ ಮನೆ, ಜೋತುಬಿದ್ದ ದಾರ ಕೊರಳಿಗೆ ಸುತ್ತಿಕೊಳ್ಳಬಾರದೆಂದು ಗೋಡೆಯ ಎತ್ತರದಲ್ಲಿ ಮೊಳೆ ಹೊಡೆದು ಸುತ್ತಿಟ್ಟಿದ್ದೇವೆ. ತಟ್ಟಿಯ ಕೆಳಗಿನ ಬಡಿಗೆಗೂ ಎರಡು ಕೊಂಡಿ ಹಾಕಿಸಿ ಗೋಡೆಗೆ ಬಿಗಿಯಬೇಕು. ಆಷಾಢದ ಗಾಳಿ ಹಿನ್ನೀರಿನ ಮೇಲಿಂದ ಅಡ್ಡಿಯಿಲ್ಲದೆ ಬರುತ್ತದೆ, ಸಡಿಲ ಬಿಟ್ಟ ತಟ್ಟಿಯನ್ನು ಗಾಜಿಗೆ ಬಡಿಯದೆ ಬಿಡುವುದಿಲ್ಲ.